ಟ್ಯೂಬಿನ ಟೈರೋ, ಟ್ಯೂಬಿಲ್ಲದ ಟೈರೋ? ಹಳ್ಳಿಯ ಸ್ಕೂಟರಿಗೆ ಯಾವುದು ಹಿತ



ಒಕ್ಕಲುತನದ ಪುಟದಲ್ಲಿ ಸ್ಕೂಟರಿನ ಮಾತೇಕೆ ಎಂದು ಕೆಲವರು ಕೇಳಬಹುದು. ಕೇಳುವುದು ಸಹಜ. ಆದರೆ ಇಂದು ನಮ್ಮ ಹಳ್ಳಿಗಳಲ್ಲಿ ನೇಗಿಲು, ಕುಂಟೆ, ಕೂರಿಗೆಗಳ ಸಾಲಿನಲ್ಲಿಯೇ ಸ್ಕೂಟರು, ಮೊಪೆಡ್ಡುಗಳೂ ಬಂದು ನಿಂತಿವೆ. ನಸುಕಿನಲ್ಲಿ ಹಾಲಿನ ಕ್ಯಾನು ಡೇರಿಗೆ ಹೋಗುವುದು ಅದರ ಮೇಲೆ. ಗೊಬ್ಬರದ ಚೀಲ, ಬಿತ್ತನೆಯ ಬೀಜ, ಔಷಧಿ ಹೊಡೆಯುವ ಪಂಪು, ಎಮ್ಮೆಗೆ ಹಸಿಹುಲ್ಲಿನ ಹೊರೆ ಬರುವುದೂ ಅದರ ಮೇಲೆ. ಹೊತ್ತಲ್ಲದ ಹೊತ್ತಿನಲ್ಲಿ ಹೆರಿಗೆಯ ನೋವು ಬಂದ ಮಗಳನ್ನು ಆಸ್ಪತ್ರೆಗೆ ಮುಟ್ಟಿಸುವುದೂ ಎಷ್ಟೋ ಸಲ ಅದೇ. ಎತ್ತಿನ ಗಾಡಿಯ ಕೀಲು, ಅಚ್ಚುಗಳ ವಿಚಾರ ಹಿಂದೆ ಎಷ್ಟು ಮುಖ್ಯವಾಗಿತ್ತೋ, ಸ್ಕೂಟರಿನ ಚಕ್ರದ ವಿಚಾರ ಇಂದು ಅಷ್ಟೇ ಮುಖ್ಯ.

ಟೈರು ಸವೆದು ಹೊಸದು ಕೊಳ್ಳುವ ಹೊತ್ತು ಬಂದಾಗ, ಅಥವಾ ಹೊಸ ಗಾಡಿಯನ್ನೇ ಕೊಳ್ಳಲು ಪೇಟೆಗೆ ಹೋದಾಗ, ಒಂದು ಪ್ರಶ್ನೆ ಏಳುತ್ತದೆ. ಒಳಗೆ ಟ್ಯೂಬಿರುವ ಟೈರು ಒಳ್ಳೆಯದೋ, ಟ್ಯೂಬಿಲ್ಲದ ಟೈರು ಒಳ್ಳೆಯದೋ? ಅಂಗಡಿಯವನು 'ಟ್ಯೂಬ್‌ಲೆಸ್ ಹಾಕಿಸಿ, ಪಂಚರಿನ ಕಾಟವೇ ಇಲ್ಲ' ಎನ್ನುತ್ತಾನೆ. ಊರಿನ ಹಳೆಯ ಪಂಚರ್ ಅಂಗಡಿಯವನು 'ಟ್ಯೂಬೇ ಇರಲಿ, ಎಲ್ಲಿ ಬೇಕಾದರೂ ತೇಪೆ ಹಾಕಬಹುದು' ಎನ್ನುತ್ತಾನೆ. ಇಬ್ಬರ ಮಾತಿನಲ್ಲಿಯೂ ಅರ್ಧ ಸತ್ಯವಿದೆ, ಇಬ್ಬರೂ ಇನ್ನರ್ಧವನ್ನು ಹೇಳುವುದಿಲ್ಲ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಯಾವ ಟೈರು ಎಂಬುದನ್ನು ನಿರ್ಧರಿಸಬೇಕಾದುದು ಅಂಗಡಿಯವನೂ ಅಲ್ಲ, ಪಕ್ಕದ ಮನೆಯವನೂ ಅಲ್ಲ. ನಿಮ್ಮ ಗಾಡಿಯ ಚಕ್ರ. ಟ್ಯೂಬಿಲ್ಲದ ಟೈರಿಗೆಂದೇ ಮಾಡಿದ ಚಕ್ರವಿದ್ದರೆ ನಮ್ಮ ಮುಳ್ಳಿನ ದಾರಿಗೆ ಟ್ಯೂಬಿಲ್ಲದ ಟೈರೇ ಮೇಲು. ಕಡ್ಡಿ ಚಕ್ರವಿದ್ದರೆ ಟ್ಯೂಬೇ ಸರಿ. ಆದರೆ ಟ್ಯೂಬಿಲ್ಲದ ಟೈರು ಬಂದಾಗ ಸ್ಕೂಟರಿನಿಂದ ಸ್ಟೆಪ್ನಿ ಚಕ್ರ ಹೋಯಿತು; ಅದರ ಬದಲಿಗೆ ಹಳ್ಳಿಯವನ ಕೈಗೆ ಏನೂ ಬರಲಿಲ್ಲ. ಆ ಬರಿಗೈಯನ್ನು ತುಂಬಿಕೊಳ್ಳದೆ ಟೈರನ್ನು ಮಾತ್ರ ಬದಲಿಸಿದರೆ ಪ್ರಯೋಜನವಿಲ್ಲ.

ಎರಡರ ಒಳಗುಟ್ಟು

ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದವನು ಒಬ್ಬ ದನದ ಡಾಕ್ಟರು ಎಂದರೆ ನಮ್ಮ ಓದುಗರಿಗೆ ಸಂತೋಷವಾದೀತು. ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಇದನ್ನು ಮಾಡಿ, 1888ರಲ್ಲಿ ಪೇಟೆಂಟು ಪಡೆದನು. ಇಂತಹದೇ ಕಲ್ಪನೆಗೆ ರಾಬರ್ಟ್ ಥಾಮ್ಸನ್ ಎಂಬಾತನು 1845ರಲ್ಲಿಯೇ ಪೇಟೆಂಟು ಪಡೆದಿದ್ದರೂ ಅದು ಆಗ ಬಳಕೆಗೆ ಬರಲಿಲ್ಲ. ಟ್ಯೂಬಿಲ್ಲದ ಟೈರನ್ನು ಅಮೆರಿಕದ ಗುಡ್‌ರಿಚ್ ಕಂಪನಿ 1947ರಲ್ಲಿ ಪ್ರಕಟಿಸಿತು. ಅದು ನಮ್ಮ ಸ್ಕೂಟರುಗಳಿಗೆ ಬಂದು ಮುಟ್ಟಲು ಮತ್ತೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಟ್ಯೂಬಿನ ಟೈರಿನಲ್ಲಿ ಗಾಳಿಯನ್ನು ಹಿಡಿದಿಡುವುದು ಒಳಗಿನ ತೆಳು ರಬ್ಬರಿನ ಚೀಲ. ಹೊರಗಿನ ಟೈರು ಅದಕ್ಕೆ ಕವಚ ಮಾತ್ರ. ಮುಳ್ಳು ಕವಚವನ್ನು ದಾಟಿ ಟ್ಯೂಬನ್ನು ಚುಚ್ಚಿತೆಂದರೆ, ಉಬ್ಬಿದ ಟ್ಯೂಬಿನ ತೂತು ಅಗಲವಾಗುತ್ತದೆ, ಕೆಲವು ಸಲ ಸೀಳಿಯೇ ಹೋಗುತ್ತದೆ. ಹೊರಬಿದ್ದ ಗಾಳಿಯು ಟ್ಯೂಬಿಗೂ ಟೈರಿಗೂ ನಡುವೆ ಹರಿದು, ವಾಲ್ವಿನ ತೂತಿನಿಂದಲೂ ಕಡ್ಡಿಗಳ ಬುಡದಿಂದಲೂ ಹೊರಗೆ ಹೋಗಿಬಿಡುತ್ತದೆ. ಆದುದರಿಂದಲೇ ಟ್ಯೂಬಿನ ಟೈರು ಇಳಿದರೆ ಒಮ್ಮೆಗೇ ಇಳಿಯುತ್ತದೆ.

ಟ್ಯೂಬಿಲ್ಲದ ಟೈರಿನಲ್ಲಿ ಬೇರೆ ಚೀಲವಿಲ್ಲ. ಟೈರಿನ ಒಳಮೈಗೇ ಗಾಳಿ ಸೋಸದಂತಹ ರಬ್ಬರಿನ ಪದರವನ್ನು ಅಂಟಿಸಿರುತ್ತಾರೆ. ಟೈರಿನ ಎರಡೂ ಅಂಚುಗಳು ಚಕ್ರದ ರಿಮ್ಮಿಗೆ ಬಿಗಿಯಾಗಿ ಒತ್ತಿ ಕೂತು ಗಾಳಿಯನ್ನು ಹಿಡಿಯುತ್ತವೆ. ಹಗೇವಿನ ಬಾಯಿಗೆ ಮೆತ್ತಿದ ಮಣ್ಣು ಹೇಗೋ ಹಾಗೆ. ಮೊಳೆ ಚುಚ್ಚಿದರೆ ದಪ್ಪ ರಬ್ಬರು ಅದನ್ನು ಸುತ್ತಲಿಂದ ಕಚ್ಚಿ ಹಿಡಿಯುತ್ತದೆ. ಮೊಳೆಯನ್ನು ಕೀಳದಿದ್ದರೆ ಗಾಳಿ ನಿಧಾನವಾಗಿ ಸೋರುತ್ತದೆ. ಎಷ್ಟೋ ಸಲ ಮನೆ ಮುಟ್ಟುವವರೆಗೆ ಸಾಕಾಗುತ್ತದೆ.

'ಪಂಚರ್ ಆಗುವುದಿಲ್ಲ' ಎಂಬ ಮಾತು ಸುಳ್ಳೆಂಬುದು ಇದರಿಂದ ಸ್ಪಷ್ಟ. ಮುಳ್ಳಿಗೆ ಟ್ಯೂಬಿದೆಯೋ ಇಲ್ಲವೋ ಗೊತ್ತಿಲ್ಲ, ಅದು ಎರಡನ್ನೂ ಚುಚ್ಚುತ್ತದೆ. ವ್ಯತ್ಯಾಸವಿರುವುದು ಚುಚ್ಚಿದ ಮೇಲೆ. ಒಂದು ತಕ್ಷಣ ಕೈಬಿಡುತ್ತದೆ, ಇನ್ನೊಂದು ಸ್ವಲ್ಪ ಸಮಯ ಕೊಡುತ್ತದೆ. ಈ 'ಸ್ವಲ್ಪ ಸಮಯ'ಕ್ಕೆ ಬೆಲೆ ಕಟ್ಟುವುದು ಹೇಗೆ? ಎರಡು ಕ್ಯಾನು ಹಾಲು ಹೊತ್ತ ಗಾಡಿಯ ಮುಂದಿನ ಚಕ್ರ ಓಟದಲ್ಲಿ ಥಟ್ಟನೆ ಇಳಿದರೆ ಹ್ಯಾಂಡಲು ಕೈಯಲ್ಲಿ ನಿಲ್ಲುವುದಿಲ್ಲ. ಹಿಂದೆ ಹೆಂಡತಿ, ನಡುವೆ ಮಗು ಇರುವಾಗ ಹಾಗಾದರೆ ಏನಾದೀತು? ಬೆಲೆಯ ಲೆಕ್ಕ ಅಲ್ಲಿಗೆ ಮುಗಿಯಿತು. ತಾಳವಾಡಿಯ ಕಡೆಯಿಂದ ದಿಂಬಂ ಘಾಟಿನ 27 ತಿರುವುಗಳನ್ನು ಇಳಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ದಾರಿ, ನಮ್ಮ ಮುಳ್ಳು

ಪಟ್ಟಣದ ಸ್ಕೂಟರಿನ ಶತ್ರು ಕಬ್ಬಿಣದ ಮೊಳೆ. ನಮ್ಮ ಸ್ಕೂಟರಿನ ಶತ್ರು ಬಳ್ಳಾರಿ ಜಾಲಿ. ರಾಯದುರ್ಗ, ಆದವಾನಿ, ಮಡಕಶಿರಾ ಸೀಮೆಯ ಹೊಲದ ಬದು, ಕೆರೆಯಂಗಳ, ಹಳ್ಳದ ದಂಡೆಗಳಲ್ಲಿ ಇದಿಲ್ಲದ ಜಾಗವೇ ಅಪರೂಪ. ಅಮೆರಿಕ ಖಂಡದಿಂದ ತಂದ ಈ ಗಿಡವನ್ನು 1877ರ ಸುಮಾರಿಗೆ ಆಗಿನ ಮದರಾಸು ಪ್ರಾಂತದ ಕಡಪ ಸೀಮೆಯಲ್ಲಿ ನೆಟ್ಟರು. ಬರದ ನಾಡಿಗೆ ಸೌದೆಯಾಗಲಿ ಎಂದು ಬೆಳೆಸಿದ್ದು ಈಗ ಬೇಡವೆಂದರೂ ಬಿಡದು. ತೆಲುಗಿನವರು ಇದನ್ನು ಸರ್ಕಾರು ತುಮ್ಮ ಎನ್ನುತ್ತಾರೆ, ಸೊಲ್ಲಾಪುರ, ಜತ್ತಿನ ಕಡೆಯ ಮರಾಠಿಗರು ವೇಡಿ ಬಾಭೂಳ ಎನ್ನುತ್ತಾರೆ, ತಮಿಳರು ಸೀಮೈ ಕರುವೇಲಂ ಎನ್ನುತ್ತಾರೆ. ಹೆಸರು ಯಾವ ಭಾಷೆಯದಾದರೂ ಮುಳ್ಳು ಒಂದೇ.

ಬೇಲಿ ಕಟ್ಟುವ ದಿನಗಳಲ್ಲಿಯೂ, ಇದ್ದಿಲು ಸುಡಲು ಜಾಲಿ ಕಡಿಯುವ ದಿನಗಳಲ್ಲಿಯೂ ಬಂಡಿದಾರಿಯ ತುಂಬ ಮುಳ್ಳು ಉದುರಿರುತ್ತದೆ. ಈ ಮುಳ್ಳಿಗೂ ಮೊಳೆಗೂ ಒಂದು ಭೇದವಿದೆ. ಮೊಳೆ ಕಣ್ಣಿಗೆ ಕಾಣುತ್ತದೆ, ಕಿತ್ತರೆ ಇಡಿಯಾಗಿ ಬರುತ್ತದೆ. ಜಾಲಿಮುಳ್ಳಿನ ತುದಿ ಟೈರಿನೊಳಗೇ ಮುರಿದು ಉಳಿಯುತ್ತದೆ. ಟ್ಯೂಬು ಬಿಚ್ಚಿ ತೇಪೆ ಹಾಕಿ ಮತ್ತೆ ಕೂರಿಸಿದರೆ ಅದೇ ತುದಿ ನಾಳೆ ಅದೇ ಟ್ಯೂಬನ್ನು ಬೇರೆ ಕಡೆ ಚುಚ್ಚುತ್ತದೆ. 'ನಿನ್ನೆಯಷ್ಟೇ ಪಂಚರ್ ಹಾಕಿಸಿದೆ, ಇವತ್ತು ಮತ್ತೆ ಇಳಿದಿದೆ' ಎಂಬ ದೂರಿಗೆ ಬಹಳ ಸಲ ಇದೇ ಕಾರಣ. ಪಂಚರ್ ಅಂಗಡಿಯವನ ಮೇಲೆ ಸಿಟ್ಟಾಗಿ ಫಲವಿಲ್ಲ. ಟ್ಯೂಬು ಹೊರಗಿರುವಾಗ ಟೈರಿನ ಒಳಮೈಯನ್ನೆಲ್ಲ ಬಟ್ಟೆಯಿಂದ ಸವರಿ ನೋಡಬೇಕು. ಮುಳ್ಳಿನ ತುದಿ ಇದ್ದರೆ ಬಟ್ಟೆಯ ನೂಲು ಅದಕ್ಕೆ ಸಿಕ್ಕಿಕೊಳ್ಳುತ್ತದೆ, ಆಗ ಇಕ್ಕಳದಿಂದ ಕೀಳಬೇಕು. ಇದಕ್ಕೆ ಹಿಡಿಯುವುದು ಎರಡು ನಿಮಿಷ.

ಟ್ಯೂಬಿಲ್ಲದ ಟೈರಿಗೆ ಇಂತಹ ಮುರಿದ ತುದಿಯ ಬಾಧೆ ಕಡಿಮೆ. ಸಣ್ಣ ಮುಳ್ಳು ಅದರ ದಪ್ಪದಲ್ಲಿಯೇ ಹೂತು ಉಳಿದು, ಎಷ್ಟೋ ದಿನ ಗಾಳಿ ಇಳಿಯುವುದೇ ಇಲ್ಲ. ಹತ್ತಾರು ಮುಳ್ಳು ಸೇರಿದಾಗ ಮಾತ್ರ ಬೆಳಿಗ್ಗೆ ಎದ್ದು ನೋಡಿದರೆ ಗಾಳಿ ಸ್ವಲ್ಪ ಸ್ವಲ್ಪ ತಗ್ಗಿರುತ್ತದೆ. ನಮ್ಮ ಒಣಸೀಮೆಗೆ ಟ್ಯೂಬಿಲ್ಲದ ಟೈರು ಮೇಲು ಎಂದು ನಾವು ಹೇಳುವುದಕ್ಕೆ ಮೊದಲ ಕಾರಣ ಇದು.

ಎಲ್ಲ ಚಕ್ರಕ್ಕೂ ಒಂದೇ ಮಾತಲ್ಲ

ಹೊಸೂರು ನಮ್ಮ ಗಡಿನಾಡಿನ ಊರು. ಅಲ್ಲಿಯ ಟಿ.ವಿ.ಎಸ್. ಕಾರ್ಖಾನೆಯಿಂದ 1980ರಲ್ಲಿ ಹೊರಬಂದ ಮೊಪೆಡ್ಡು ಮತ್ತು ಅದರ ವಂಶದ ಗಾಡಿಗಳು ನಮ್ಮ ರೈತರ ಹೊರೆ ಹೊತ್ತು ಮುಪ್ಪಾಗಿವೆ. ಇವುಗಳಲ್ಲಿ ಹೆಚ್ಚಿನವಕ್ಕೆ ಸೈಕಲ್ಲಿನಂತೆ ಕಡ್ಡಿಯ ಚಕ್ರ. ಕಡ್ಡಿ ಚಕ್ರದ ರಿಮ್ಮಿನಲ್ಲಿ ಒಂದೊಂದು ಕಡ್ಡಿಯ ಬುಡಕ್ಕೂ ಒಂದೊಂದು ತೂತು. ಇಂತಹ ಚಕ್ರಕ್ಕೆ ಟ್ಯೂಬಿಲ್ಲದ ಟೈರು ಹಾಕಿ ಗಾಳಿ ತುಂಬುವುದೆಂದರೆ ಜರಡಿಯಲ್ಲಿ ನೀರು ತುಂಬಿದಂತೆ. ತೂತುಗಳಿಗೆ ಅಂಟುಪಟ್ಟಿ ಸುತ್ತಿ, ಗೋಂದು ಮೆತ್ತಿ 'ಟ್ಯೂಬ್‌ಲೆಸ್ ಮಾಡಿಕೊಡುತ್ತೇವೆ' ಎನ್ನುವವರಿದ್ದಾರೆ. ಹೊರೆ ಹೊರುವ ಗಾಡಿಗೆ ಇದು ತಕ್ಕ ಕೆಲಸವಲ್ಲ. ಕಲ್ಲುದಾರಿಯಲ್ಲಿ ಕಡ್ಡಿ ಸಡಿಲವಾದರೆ ಪಟ್ಟಿಯೂ ಸಡಿಲ, ಗಾಳಿಯೂ ಸಡಿಲ. ಕಡ್ಡಿ ಚಕ್ರದ ಗಾಡಿಯವರು ಟ್ಯೂಬನ್ನೇ ಇಟ್ಟುಕೊಳ್ಳಲಿ. ಒಳ್ಳೆಯ ಟ್ಯೂಬು ಕೊಳ್ಳಲಿ, ಟೈರು ಬದಲಿಸುವಾಗ ಟ್ಯೂಬನ್ನೂ ಬದಲಿಸಲಿ. ಹಿಗ್ಗಿದ ಹಳೆಯ ಟ್ಯೂಬು ಹೊಸ ಟೈರಿನೊಳಗೆ ಮಡಿಕೆ ಬಿದ್ದು ಮಡಿಕೆಯಲ್ಲಿಯೇ ಸೀಳುತ್ತದೆ.

ಎರಡು ತುಂಡಿನ ಚಕ್ರದ ಹಳೆಯ ಸ್ಕೂಟರುಗಳು ಇನ್ನೊಂದು ಬಗೆ. 1972ರಲ್ಲಿ ಬಂದ ಬಜಾಜ್ ಚೇತಕ್ ಇದಕ್ಕೆ ಉದಾಹರಣೆ. ಎರಡು ತಟ್ಟೆಗಳನ್ನು ಒಂದಕ್ಕೊಂದು ಜೋಡಿಸಿ ನಟ್ಟು ಬಿಗಿದಂತೆ ಅದರ ಚಕ್ರ. ತಟ್ಟೆಗಳ ನಡುವಿನ ಸಂದಿನಲ್ಲಿ ಗಾಳಿ ನಿಲ್ಲದು, ಟ್ಯೂಬು ಬೇಕೇಬೇಕು. ಇಂತಹ ಗಾಡಿ ಇನ್ನೂ ಇಟ್ಟುಕೊಂಡಿರುವವರಿಗೆ ಒಂದು ಎಚ್ಚರಿಕೆ: ಟ್ಯೂಬಿನ ಗಾಳಿಯನ್ನು ಪೂರ್ತಿ ಬಿಟ್ಟ ಮೇಲೆಯೇ ಆ ನಟ್ಟುಗಳನ್ನು ಬಿಚ್ಚತಕ್ಕದ್ದು. ಗಾಳಿಯಿರುವಾಗ ಬಿಚ್ಚಿದರೆ ತಟ್ಟೆ ಸಿಡಿದು ಕೈಮುಖಕ್ಕೆ ಗಾಯವಾಗಬಹುದು. ಅದೇ ಚೇತಕ್ ಹೆಸರು 2020ರಲ್ಲಿ ಬ್ಯಾಟರಿ ಸ್ಕೂಟರಾಗಿ ಮರಳಿ ಬಂದಿತು. ಅದಕ್ಕೆ ಟ್ಯೂಬಿಲ್ಲದ ಟೈರು. ಹೆಸರು ಒಂದೇ, ಚಕ್ರ ಬೇರೆ. ಗಾಡಿಯ ಹೆಸರು ಹೇಳಿ ಟೈರು ಕೇಳಬೇಡಿ, ಚಕ್ರ ನೋಡಿ ಕೇಳಿ ಎಂಬುದು ಇದಕ್ಕಾಗಿ.

ಟ್ಯೂಬಿಲ್ಲದ ಟೈರಿನ ಕುಂದುಗಳು

ಒಂದರ ಪಕ್ಷ ವಹಿಸಿ ಮಾತಾಡುವವನು ಅದರ ಕುಂದುಗಳನ್ನೂ ಹೇಳಬೇಕು.

ಮೊದಲನೆಯದು, ರಿಮ್ಮಿನ ಆರೋಗ್ಯ. ಗಾಳಿ ನಿಲ್ಲುವುದು ಟೈರಿನ ಅಂಚು ರಿಮ್ಮಿಗೆ ಕೂತ ಬಿಗಿಯಿಂದ. ಗುಂಡಿಗೆ ಬಿದ್ದು ರಿಮ್ಮಿನ ತುಟಿ ಬಾಗಿದರೆ, ಅಥವಾ ಕಬ್ಬಿಣದ ರಿಮ್ಮಿಗೆ ತುಕ್ಕು ಹಿಡಿದು ಹುರುಕಾದರೆ, ಆ ಸಂದಿನಿಂದ ಗಾಳಿ ಸೋರುತ್ತಲೇ ಇರುತ್ತದೆ. ಗೊಬ್ಬರದ ಪುಡಿ, ಗಂಜಲದ ನೀರು, ಕೆಸರು ಸದಾ ತಾಗುವ ನಮ್ಮ ಗಾಡಿಗಳಿಗೆ ತುಕ್ಕು ಬೇಗ. ಕಾಸರಗೋಡು, ವೈನಾಡಿನಂತಹ ಮಳೆನಾಡಿನಲ್ಲಿ ಇದು ಇನ್ನೂ ಹೆಚ್ಚು. ಟೈರು ಬದಲಿಸುವಾಗ ರಿಮ್ಮನ್ನು ಉಜ್ಜಿ ಸ್ವಚ್ಛ ಮಾಡಿಸಬೇಕು, ರಬ್ಬರಿನ ವಾಲ್ವನ್ನೂ ಹೊಸದು ಹಾಕಿಸಬೇಕು. ಬಿರುಕು ಬಿಟ್ಟ ಹಳೆಯ ವಾಲ್ವಿನಿಂದ ಗಾಳಿ ಸೋರುತ್ತಿದ್ದರೆ ಟೈರನ್ನು ಬೈದು ಫಲವೇನು?

ಎರಡನೆಯದು, ಪೂರ್ತಿ ಇಳಿದ ಟೈರಿನ ಹಟ. ಗಾಳಿ ಇಲ್ಲದೆ ಬಹಳ ದೂರ ಓಡಿಸಿ ಅಂಚು ರಿಮ್ಮಿನಿಂದ ಜಾರಿಬಿಟ್ಟರೆ, ಕೈಪಂಪಿನಿಂದ ಎಷ್ಟು ಹೊಡೆದರೂ ಅದು ಮತ್ತೆ ಕೂರುವುದು ಕಷ್ಟ. ಒಮ್ಮೆಗೇ ರಭಸದಿಂದ ಗಾಳಿ ನುಗ್ಗಿಸುವ ಕಂಪ್ರೆಸರ್ ಯಂತ್ರ ಬೇಕು, ಅದಿರುವುದು ಪೇಟೆಯಲ್ಲಿ. ಎರಡು ಹರದಾರಿ ಗಾಡಿ ತಳ್ಳುವ ಸಂಕಟ ಇಲ್ಲಿ ಬರುತ್ತದೆ. ಗಾಳಿ ಇಳಿಯುತ್ತಿದೆ ಎಂದು ತಿಳಿದೊಡನೆ ನಿಲ್ಲಿಸುವುದೇ ಇದಕ್ಕೆ ಮದ್ದು.

ಮೂರನೆಯದು, ಪಕ್ಕೆಯ ಗಾಯ. ನೆಲಕ್ಕೆ ತಾಗುವ ದಪ್ಪ ಭಾಗದ ಸಣ್ಣ ತೂತಿಗೆ ಬತ್ತಿ ಹಾಕಬಹುದು. ಪಕ್ಕೆಯ ತೆಳು ಭಾಗ ಸೀಳಿದರೆ ಅದಕ್ಕೆ ರಿಪೇರಿಯಿಲ್ಲ, ಟೈರನ್ನು ಬದಲಿಸಬೇಕು.

'ಹಾಗಾದರೆ ಟ್ಯೂಬಿಲ್ಲದ ಟೈರಿನೊಳಗೇ ಒಂದು ಟ್ಯೂಬು ಹಾಕಿಬಿಟ್ಟರೆ?' ಎಂದು ಕೇಳುವವರು ಬಹಳ. ಊರಿನ ಅಂಗಡಿಗಳಲ್ಲಿ ಹೀಗೆ ಮಾಡುವುದೂ ಉಂಟು. ನಡುದಾರಿಯಲ್ಲಿ ಸಿಕ್ಕಿಬಿದ್ದಾಗ ಮನೆ ಮುಟ್ಟಲು ಇದೊಂದು ಉಪಾಯವೆನ್ನಬಹುದು. ಆದರೆ ದಿನವೂ ಹಾಗೆಯೇ ಓಡಿಸುವುದು ಜಾಣತನವಲ್ಲ. ಟೈರಿನ ಒಳಮೈಗೆ ಟ್ಯೂಬು ತಿಕ್ಕಿ ಬಿಸಿಯಾಗುತ್ತದೆ. ಮುಳ್ಳು ಚುಚ್ಚಿದಾಗ ಥಟ್ಟನೆ ಇಳಿಯುವ ಹಳೆಯ ದೋಷವೂ ಮರಳಿ ಬರುತ್ತದೆ. ಹೆಚ್ಚು ದುಡ್ಡು ಕೊಟ್ಟು ತಂದ ಗುಣವನ್ನು ಕೈಯಾರೆ ಕಳೆದುಕೊಂಡಂತಾಗುತ್ತದೆ.

ಟೈರಿನೊಳಗೆ ಹೊಯ್ಯುವ ಅಂಟು ದ್ರವವನ್ನು ಹಲವರು ಹೊಗಳುತ್ತಾರೆ. ಸಣ್ಣ ಮುಳ್ಳಿನ ತೂತುಗಳನ್ನು ಅದು ಮುಚ್ಚಬಲ್ಲುದು, ಸುಳ್ಳಲ್ಲ. ಆದರೆ ದೊಡ್ಡ ಮೊಳೆಯ ತೂತಿಗೆ, ಬಾಗಿದ ರಿಮ್ಮಿಗೆ ಅದು ಮದ್ದಲ್ಲ. ಕಾಲ ಕಳೆದಂತೆ ಒಣಗಿಯೂ ಹೋಗುತ್ತದೆ. ಅದೊಂದು ಸಹಾಯ ಮಾತ್ರ.

ಕಳೆದುಹೋದ ಸ್ಟೆಪ್ನಿ

ಈಗ ನಮ್ಮ ಮುಖ್ಯ ಮಾತಿಗೆ ಬರೋಣ. ಹಳೆಯ ಸ್ಕೂಟರಿನ ಬೆನ್ನಿಗೋ ಪಕ್ಕಕ್ಕೋ ಇನ್ನೊಂದು ಚಕ್ರ ಇರುತ್ತಿತ್ತು. 1904ರಲ್ಲಿ ಇಂಗ್ಲೆಂಡಿನ ಪಕ್ಕದ ವೇಲ್ಸ್ ನಾಡಿನ ಲಾನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ ಹೀಗೆ ಮೇಲುಚಕ್ರ ಮಾಡಿ ಮಾರಿದ್ದರಿಂದ ಅದಕ್ಕೆ ಸ್ಟೆಪ್ನಿ ಎಂಬ ಹೆಸರು ಬಂದು, ನಮ್ಮ ಹಳ್ಳಿಯ ಬಾಯಿಗೂ ಹತ್ತಿಬಿಟ್ಟಿತು. ಪಂಚರಾದರೆ ನಟ್ಟು ಬಿಚ್ಚಿ ಸ್ಟೆಪ್ನಿ ಹಾಕಿ ಹೊರಟರಾಯಿತು. ಹಾಲು ಕೆಡಲಿಲ್ಲ, ಹೊತ್ತು ತಪ್ಪಲಿಲ್ಲ.

ಟ್ಯೂಬಿಲ್ಲದ ಟೈರು ಬಂದ ಮೇಲೆ ಹೊಸ ಸ್ಕೂಟರುಗಳಲ್ಲಿ ಸ್ಟೆಪ್ನಿ ಕಾಣುವುದೇ ಇಲ್ಲವೆನ್ನಬೇಕು. ಕಾರುಗಳ ವಿಷಯದಲ್ಲಿ ಸರಕಾರವು 2020ರಲ್ಲಿ ನಿಯಮ ತಿದ್ದಿ, ಟ್ಯೂಬಿಲ್ಲದ ಟೈರೂ, ಗಾಳಿ ಇಳಿದರೆ ತಿಳಿಸುವ ಸಾಧನವೂ ಇರುವ ಗಾಡಿಗೆ ಸ್ಟೆಪ್ನಿ ಬೇಕಿಲ್ಲ ಎಂದಿತು. ಆದರೆ ಅದರ ಬದಲು ಪಂಚರ್ ರಿಪೇರಿಯ ಪೆಟ್ಟಿಗೆ ಇರಬೇಕೆಂದಿತು. ನ್ಯಾಯವಾದ ಮಾತು. ಒಂದನ್ನು ತೆಗೆದರೆ ಇನ್ನೊಂದನ್ನು ಕೊಡಬೇಕು. ಸ್ಕೂಟರು ಕೊಳ್ಳುವ ರೈತನಿಗೆ ಮಾತ್ರ ಈ ಪೆಟ್ಟಿಗೆ ಸಾಮಾನ್ಯವಾಗಿ ದೊರೆಯುವುದಿಲ್ಲ. ಕಾರಿನವನು ಪಂಚರಾದರೆ ಫೋನು ಮಾಡಿ ನೆರಳಿನಲ್ಲಿ ಕೂರುತ್ತಾನೆ. ಬೇಸಿಗೆಯ ಬಿಸಿಲಿನಲ್ಲಿ ತಂಪು ಮಾಡದ ಹಾಲು ಕೆಲವೇ ಗಂಟೆಗಳಲ್ಲಿ ಹುಳಿಯಾಗುತ್ತದೆ. ಡೇರಿಯ ಬಾಗಿಲು ಮುಚ್ಚಿದ ಮೇಲೆ ಹೋದವನು ಅಂದಿನ ದುಡಿಮೆಯನ್ನು ಚರಂಡಿಗೆ ಸುರಿದಂತೆಯೇ. ಯಾರಿಗೆ ಪೆಟ್ಟಿಗೆ ಹೆಚ್ಚು ಅಗತ್ಯ?

ಆ ಪೆಟ್ಟಿಗೆಯಲ್ಲಿ ಇರುವುದು ಇಷ್ಟೇ: ತೂತನ್ನು ಉಜ್ಜಿ ಸರಿಮಾಡುವ ಹಲ್ಲುಳ್ಳ ಒಂದು ಸಲಾಕಿ, ದಬ್ಬಣದಂತಹ ಕಣ್ಣುಳ್ಳ ಇನ್ನೊಂದು ಸಲಾಕಿ, ಅಂಟು ಹಚ್ಚಿದ ಕೆಲವು ಬತ್ತಿ. ಬೆಲೆ ಕೆಲವು ನೂರು ರೂಪಾಯಿ. ಕ್ರಮವೂ ಸುಲಭ. ಮೊಳೆ ಎಲ್ಲಿದೆಯೆಂದು ಗುರುತು ಮಾಡಿ. ಕಾಣದಿದ್ದರೆ ಸಾಬೂನಿನ ನೀರು ಹಚ್ಚಿ, ಗುಳ್ಳೆ ಏಳುವ ಕಡೆ ತೂತು. ಬತ್ತಿ ಸಿದ್ಧವಾಗುವವರೆಗೆ ಮೊಳೆ ಕೀಳಬೇಡಿ. ಕಿತ್ತೊಡನೆ ಹಲ್ಲಿನ ಸಲಾಕಿಯನ್ನು ಅದೇ ಓರೆಯಲ್ಲಿ ತೂರಿಸಿ ನಾಲ್ಕಾರು ಸಲ ಆಡಿಸಿ. ಬತ್ತಿಯನ್ನು ದಬ್ಬಣದ ಕಣ್ಣಿಗೆ ಪೋಣಿಸಿ, ಎರಡೂ ತುದಿ ಹೊರಗೆ ಸ್ವಲ್ಪ ಉಳಿಯುವಂತೆ ಒಳಕ್ಕೆ ಒತ್ತಿ, ದಬ್ಬಣವನ್ನು ಮಾತ್ರ ಥಟ್ಟನೆ ಎಳೆಯಿರಿ. ಬತ್ತಿ ಅಲ್ಲೇ ಉಳಿಯುತ್ತದೆ. ಉಳಿದ ತುದಿ ಕತ್ತರಿಸಿ ಗಾಳಿ ತುಂಬಿ. ಚಕ್ರ ಬಿಚ್ಚುವ ಕೆಲಸವೇ ಇಲ್ಲ. ಗೋಣಿಚೀಲದ ಬಾಯಿ ಹೊಲಿಯಬಲ್ಲವರು ಯಾರೂ ಇದನ್ನು ಕಲಿಯಬಲ್ಲರು. ಹಾಲು ಹೊತ್ತು ಹೋಗುವ ಹೆಣ್ಣುಮಕ್ಕಳು ನಮ್ಮಲ್ಲಿ ಈಗ ಅನೇಕರು. ಅವರು ಇದನ್ನು ಗಂಡಸರಿಗಿಂತ ಮೊದಲೇ ಕಲಿಯುವುದು ಲೇಸು. ನಸುಕಿನ ಹೊತ್ತಿನಲ್ಲಿ ನಿರ್ಜನ ದಾರಿಯಲ್ಲಿ ಇನ್ನೊಬ್ಬರ ದಾರಿ ಕಾಯುವ ಪಾಡು ಅವರಿಗೆ ತಪ್ಪುತ್ತದೆ.

ಆದಕಾರಣ ನಮ್ಮ ಸಲಹೆ ಹೀಗಿದೆ. ಪ್ರತಿ ಹಳ್ಳಿಯ ಹಾಲಿನ ಡೇರಿಯಲ್ಲಿ ಇಂತಹ ಒಂದು ಪೆಟ್ಟಿಗೆ, ಕಾಲಿನಿಂದ ಒತ್ತುವ ಒಂದು ಗಟ್ಟಿ ಪಂಪು, ಗಾಳಿ ಅಳೆಯುವ ಒಂದು ಮೀಟರು ಇರಲಿ. ಹತ್ತು ಮಂದಿ ಹಾಲಿನವರು ಕೂಡಿ ಹಾಕಿದರೆ ತಲೆಗೆ ಬೀಳುವುದು ಒಂದೆರಡು ದಿನದ ಚಹಾದ ದುಡ್ಡು. ಕಡ್ಡಿ ಚಕ್ರದವರಿಗಾಗಿ ತೇಪೆ, ಸೊಲ್ಯೂಷನ್, ಉಪ್ಪು ಕಾಗದವೂ ಅದರಲ್ಲಿಯೇ ಇರಲಿ. ಡೇರಿಯವರು ಹಾಲಿನ ಕೊಬ್ಬು ಅಳೆದಂತೆ ತಿಂಗಳಿಗೆರಡು ಸಲ ಸದಸ್ಯರ ಗಾಡಿಯ ಗಾಳಿಯನ್ನೂ ಅಳೆದು ಹೇಳುವಂತಾದರೆ ಅದೂ ಸಹಕಾರದ ಕೆಲಸವೇ. ಮೇವಿಗೆ, ಔಷಧಿಗೆ ಒಟ್ಟುಗೂಡುವವರು ಗಾಳಿಗೆ ಒಟ್ಟುಗೂಡಬಾರದೆ?

ಕೊಳ್ಳುವಾಗ ನೋಡಬೇಕಾದುದು

ಗಾಡಿಯ ಜೊತೆ ಕೊಡುವ ಪುಸ್ತಕ ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತದೆ. ಅಂಗಡಿಯವನ ಮಾತು ತೆಲುಗಿನಲ್ಲೋ, ಮರಾಠಿಯಲ್ಲೋ, ತಮಿಳಿನಲ್ಲೋ ಇರುತ್ತದೆ. ನಡುವೆ ಕನ್ನಡದ ರೈತನು ತಲೆಯಾಡಿಸಿ ದುಡ್ಡು ಕೊಟ್ಟು ಬರುತ್ತಾನೆ. ಹೀಗಾಗಬಾರದು. ಟೈರು ತನ್ನ ಜಾತಕವನ್ನು ತನ್ನ ಮೈಮೇಲೆಯೇ ಬರೆದುಕೊಂಡಿರುತ್ತದೆ. ಅದನ್ನು ಓದಲು ಅಂಕಿಗಳು ಗೊತ್ತಿದ್ದರೆ ಸಾಕು.

ಉದಾಹರಣೆಗೆ '90/100-10 53 ಜೆ' ಎಂದು ಇದ್ದರೆ, ಟೈರಿನ ಅಗಲ 90 ಮಿಲಿಮೀಟರು, ಅದರ ಎತ್ತರ ಅಗಲದ ನೂರಕ್ಕೆ 100 ಪಾಲು, ರಿಮ್ಮಿನ ಅಡ್ಡಳತೆ 10 ಅಂಗುಲ ಎಂದರ್ಥ. 53 ಎಂಬುದು ಹೊರೆಯ ಸಂಕೇತ. ಆ ಒಂದು ಟೈರು ಸರಿಯಾದ ಗಾಳಿಯಿದ್ದರೆ 206 ಕಿಲೋ ತಾಳಬಲ್ಲುದು. 54 ಇದ್ದರೆ 212 ಕಿಲೋ. 'ಜೆ' ಎಂದರೆ ಗಂಟೆಗೆ 100 ಕಿಲೋಮೀಟರು ವೇಗದವರೆಗೆ. 40 ಲೀಟರು ಹಾಲೆಂದರೆ 41 ಕಿಲೋ. ಕ್ಯಾನಿನ ತೂಕ ಬೇರೆ, ಸವಾರನ ತೂಕ ಬೇರೆ, ಗಾಡಿಯ ತೂಕ ಬೇರೆ. ಹೆಚ್ಚಿನ ಪಾಲು ಬೀಳುವುದು ಹಿಂದಿನ ಚಕ್ರದ ಮೇಲೆ. ಮೊದಲಿದ್ದ ಅಂಕಿಗಿಂತ ಕಡಿಮೆಯ ಟೈರನ್ನು ಅಗ್ಗವೆಂದು ತರಬೇಡಿ.

ಟೈರಿನ ಪಕ್ಕೆಯ ಮೇಲೆ ನಾಲ್ಕಂಕಿಯ ಒಂದು ಗುರುತಿರುತ್ತದೆ. 2325 ಎಂದಿದ್ದರೆ 2025ನೆಯ ಇಸವಿಯ 23ನೆಯ ವಾರ ತಯಾರಾದುದೆಂದು ತಿಳಿಯಬೇಕು. ವರ್ಷಗಟ್ಟಲೆ ಗೋದಾಮಿನಲ್ಲಿ ಬಿದ್ದ ಟೈರಿನ ರಬ್ಬರು ಬಿರುಸಾಗಿರುತ್ತದೆ. ಐ.ಎಸ್.ಐ. ಮುದ್ರೆ ಇದೆಯೇ ನೋಡಿ, ಬಿಲ್ಲು ಕೇಳಿ ಪಡೆಯಿರಿ. 2025ರ ಸೆಪ್ಟೆಂಬರ್ 22ರಿಂದ ಇಂತಹ ಟೈರುಗಳ ಮೇಲಿನ ಜಿ.ಎಸ್.ಟಿ. ನೂರಕ್ಕೆ 28ರಿಂದ 18ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದು ಕಾಣಬೇಕು. 'ಟ್ಯೂಬ್‌ಲೆಸ್' ಎಂದೋ 'ಟ್ಯೂಬ್ ಟೈಪ್' ಎಂದೋ ಟೈರಿನ ಮೇಲೆ ಸ್ಪಷ್ಟವಾಗಿ ಅಚ್ಚಾಗಿರುತ್ತದೆ. ಇಂಗ್ಲಿಷ್ ಬಾರದವರು ಶಾಲೆಗೆ ಹೋಗುವ ಮಗನನ್ನೋ ಮಗಳನ್ನೋ ಜೊತೆಗೆ ಕರೆದೊಯ್ಯಲಿ. ಅಂಗಡಿಯಲ್ಲಿ ಮಕ್ಕಳು ಓದಿ ಹೇಳಿದರೆ ಅವಮಾನವಿಲ್ಲ, ಅದು ಹೆಮ್ಮೆಯ ಸಂಗತಿ.

ಎಲ್ಲಕ್ಕಿಂತ ಮಿಗಿಲು ಗಾಳಿ

ಕೊನೆಗೊಂದು ಮಾತು. ಟ್ಯೂಬಿನದಿರಲಿ, ಇಲ್ಲದಿರಲಿ, ಟೈರುಗಳನ್ನು ಕೊಲ್ಲುವುದರಲ್ಲಿ ಗಾಳಿಯ ಕೊರತೆಯೇ ಮುಂದು. ಗಾಳಿ ಕಡಿಮೆಯಿದ್ದು ಹೊರೆ ಹೆಚ್ಚಿದ್ದರೆ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಮಡಚಿ ಬಿಸಿಯಾಗುತ್ತದೆ, ಒಳಗಿನ ನೂಲು ಸಡಿಲುತ್ತದೆ, ಪೆಟ್ರೋಲೂ ಹೆಚ್ಚು ಕುಡಿಯುತ್ತದೆ, ಗುಂಡಿಯಲ್ಲಿ ರಿಮ್ಮು ಬಾಗುತ್ತದೆ. ಎಷ್ಟು ಗಾಳಿ ಎಂಬುದು ಗಾಡಿಯ ಪುಸ್ತಕದಲ್ಲಿ ಒಬ್ಬರು ಕೂತಾಗ ಇಷ್ಟು, ಇಬ್ಬರು ಕೂತಾಗ ಇಷ್ಟು ಎಂದು ಬರೆದಿರುತ್ತದೆ. ಹೊರೆ ಹೊರುವವರು ಎರಡನೆಯ ಅಂಕಿಯನ್ನು ಹಿಡಿಯಬೇಕು. ಬೆಳಿಗ್ಗೆ ಟೈರು ತಣ್ಣಗಿರುವಾಗ ಅಳೆಯಬೇಕು. ಬೆರಳಿನಿಂದ ಒತ್ತಿ ನೋಡುವ ಪದ್ಧತಿಯನ್ನು ಬಿಡಬೇಕು; ಎಮ್ಮೆಯ ಹಾಲನ್ನು ಕಣ್ಣಳತೆಯಲ್ಲಿ ಮಾರುವವರು ಯಾರಾದರೂ ಇದ್ದಾರೆಯೇ? ನೈಟ್ರೋಜನ್ ತುಂಬಿಸಿ ಎಂದು ದುಡ್ಡು ಕೇಳುವ ಕಡೆ, ನಾವು ಉಸಿರಾಡುವ ಗಾಳಿಯಲ್ಲಿಯೇ ನೂರಕ್ಕೆ 78 ಪಾಲು ಅದೇ ಇದೆ ಎಂಬುದನ್ನು ನೆನಪಿಡಿ.

ಟೈರುಗಾಡಿ ಮೊದಲು ಹಳ್ಳಿಗೆ ಬಂದಾಗ ಕಬ್ಬಿಣದ ಪಟ್ಟಿಯ ಬಂಡಿಯೇ ವಾಸಿ ಎಂದವರು ಅನೇಕರಿದ್ದರು. ಮುಳ್ಳು ಚುಚ್ಚಿದರೇನು ಗತಿ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಸರಿಯಾದುದೇ. ಊರಿಗೊಬ್ಬ ತೇಪೆ ಹಾಕಬಲ್ಲವನು ಹುಟ್ಟಿಕೊಂಡ ಮೇಲೆ ಟೈರುಗಾಡಿ ನಿಂತಿತು, ಎತ್ತಿನ ಹೆಗಲಿಗೆ ಹಗುರವಾಯಿತು. ಹೊಸ ವಸ್ತುವನ್ನು ಊರಿಗೆ ತಂದರೆ ಸಾಲದು, ಅದನ್ನು ರಿಪೇರಿ ಮಾಡುವ ವಿದ್ಯೆಯನ್ನೂ ತರಬೇಕು. ತಕ್ಕ ಚಕ್ರವುಳ್ಳವರು ಟ್ಯೂಬಿಲ್ಲದ ಟೈರು ಹಾಕಿಸಿ, ಕಡ್ಡಿ ಚಕ್ರದವರು ಟ್ಯೂಬನ್ನು ನಂಬಿ ಬಾಳಿ. ಆದರೆ ಟೈರು ಕೊಂಡ ದಿನವೇ ಬತ್ತಿಯ ಪೆಟ್ಟಿಗೆಯನ್ನೂ ಪಂಪನ್ನೂ ಕೊಳ್ಳಿ. ಒಬ್ಬರಿಂದಾಗದಿದ್ದರೆ ನಾಲ್ವರು ಕೂಡಿ ಕೊಳ್ಳಿ. ಮುಂದಿನ ಡೇರಿಯ ಸಭೆಯಲ್ಲಿ ಈ ಮಾತನ್ನು ಎತ್ತಿರಿ.